ಬಾಗಿಲು ಎಳೆದುಕೊಂಡ ಕೈ

ಕಾಗದದಲ್ಲಿ ಇದ್ದದ್ದು ಹನ್ನೊಂದು ಸಾಲು. ಧನಲಕ್ಷ್ಮಿ ಅದನ್ನು ಎರಡು ಸಲ ಓದಿದಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಓದುವುದು ನಿಧಾನ. ಅದರಲ್ಲೂ ‘ಸದರಿ’, ‘ತತ್ಸಂಬಂಧ’ ಎಂಬಂಥ ಮಾತುಗಳ ಮುಂದೆ ಒಂದು ಗಳಿಗೆ ನಿಂತು, ದಾರಿ ಮಾಡಿಕೊಂಡು ಮುಂದಕ್ಕೆ ಹೋಗಬೇಕು.

ಮೇಜಿನ ಆಚೆ ವೀರಭದ್ರಯ್ಯನವರು ಪೆನ್ನಿನ ಕ್ಯಾಪು ತೆಗೆದು ಹಿಡಿದುಕೊಂಡೇ ಕೂತಿದ್ದರು. ತಿಪಟೂರಿನಲ್ಲಿ ಮೂರು ತಲೆಮಾರು ಕೊಬ್ಬರಿ ವ್ಯಾಪಾರ ಮಾಡಿದ ಮನೆತನ ಅವರದು. ಊರ ಹೊರಗೆ ಈ ಕಾಯಿಪುಡಿ ಫ್ಯಾಕ್ಟರಿ ಹಾಕಿ ಹತ್ತು ವರ್ಷವಾಗಿತ್ತು.

“ಏನಮ್ಮ, ಇಷ್ಟೊತ್ತಾ? ಪುರಾಣ ಏನೂ ಬರೆದಿಲ್ಲ ಅದ್ರಲ್ಲಿ. ನೀನು ಕಣ್ಣಾರೆ ನೋಡಿದ್ದನ್ನೇ ಬರೆಸಿದೀನಿ. ಕೆಳಗೆ ಸಾಕ್ಷಿ ಅಂತ ಇದೆ ನೋಡು, ಅಲ್ಲೊಂದು ಸೈನ್ ಹಾಕು.”

ಕಾಗದ ಹೇಳುತ್ತಿದ್ದುದು ಇಷ್ಟು. ಕಾಯಿಪುಡಿಯನ್ನು ಬಿಸಿಗಾಳಿಯಲ್ಲಿ ಒಣಗಿಸುವ ಡ್ರೈಯರ್ ಕೋಣೆಯ ಕೆಲಸದ ಚಿಕ್ಕಗೌರಮ್ಮ ಒಳಗೆ ಹೋಗಿ ತಾವೇ ಬಾಗಿಲು ಮುಚ್ಚಿಕೊಂಡರು. ಅದರಿಂದಾಗಿ ಸುಟ್ಟ ಗಾಯಗಳಾದವು. ಯಂತ್ರದಲ್ಲಾಗಲಿ ಅದರ ಪ್ರೋಗ್ರಾಮಿನಲ್ಲಾಗಲಿ ಏನೂ ಕೆಟ್ಟಿರಲಿಲ್ಲ. ಇಂಥ ಬೇಜವಾಬ್ದಾರಿಯವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳತಕ್ಕದ್ದಲ್ಲ.

ಇಂಥದ್ದೇ ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥದ್ದು ಅದರಲ್ಲಿರಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು. ಬಾಗಿಲು ಎಳೆದುಕೊಂಡದ್ದು ನಿಜ. ಯಂತ್ರ ಕೆಟ್ಟಿರಲಿಲ್ಲ ಎಂಬುದೂ ನಿಜವೇ. ಯಂತ್ರ ಮಾಡಿದ ಕಂಪನಿಯವರೊಬ್ಬರು ಬಂದು ಒಂದೊಂದು ತಂತಿಯನ್ನೂ ಮುಟ್ಟಿ ನೋಡಿ ಹೋಗಿದ್ದರು.

“ನಾನು ಕೆಂಪು ಗುಂಡಿ ಒತ್ತಿದ್ದು ಇದ್ರಲ್ಲಿಲ್ಲ” ಎಂದಳು ಧನಲಕ್ಷ್ಮಿ, ಕಾಗದದ ಕಡೆಗೇ ನೋಡುತ್ತ.

“ಒತ್ತಿದ್ದು ಒಳ್ಳೇದಾಯ್ತು. ಅದ್ಯಾಕೆ ಇಲ್ಲಿ?”

“ಒತ್ತಿದ್ರೂ ಬಾಗಿಲು ತೆಗೀಲಿಲ್ಲ.”

ವೀರಭದ್ರಯ್ಯನವರು ಪೆನ್ನನ್ನು ಮೇಜಿನ ಮೇಲಿಟ್ಟರು. ಈ ಹುಡುಗಿ ತಮ್ಮೆದುರು ಇಷ್ಟು ಮಾತಾಡಿದ್ದನ್ನು ಅವರು ಎರಡು ವರ್ಷದಲ್ಲಿ ಕಂಡಿರಲಿಲ್ಲ. ಬಾಯಿಗೆ ಕೊಬ್ಬರಿ ಚೂರು ತುರುಕಿಕೊಂಡೇ ಕೆಲಸಕ್ಕೆ ಬರುತ್ತಾಳೆ ಎಂದು ಉಳಿದ ಹೆಂಗಸರು ಅವಳನ್ನು ಆಡಿಕೊಳ್ಳುತ್ತಿದ್ದರು.

“ನೋಡಮ್ಮ, ಶುಕ್ರವಾರ ಮಿಶಿನ್ ಕಂಪನಿ ಇಂಜಿನಿಯರ್ರು ಬರ್ತಾರೆ. ಅಷ್ಟರೊಳಗೆ ಈ ಕಾಗದ ಆಗ್ಬೇಕು. ಶನಿವಾರ ಡ್ರೈಯರ್ ಶುರು. ಒಳಗಿನ ಕೆಲಸ ಇನ್ಮೇಲೆ ನಿಂದು.”

“ಶುಕ್ರವಾರ ಹೇಳ್ತೀನಿ” ಎಂದು ಅವಳು ಹೊರಗೆ ಬಂದಳು.

ಅವಳು ನೋಡಿದ್ದು ಒಂದು ಅಂಗೈಯನ್ನು. ಹಿಂದಿನ ವಾರ ಮಧ್ಯಾಹ್ನ ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ, ಡ್ರೈಯರ್ ಬಾಗಿಲಿನ ತಟ್ಟೆಯಗಲದ ಗಾಜಿಗೆ ಒಳಗಿನಿಂದ ಒತ್ತಿಕೊಂಡ ಅಂಗೈ. ಪಕ್ಕದಲ್ಲೇ ಕಾಯಿ ತುರಿಯುವ ಯಂತ್ರ ಅರಚುತ್ತಿತ್ತು, ಕೂಗು ಯಾರಿಗೂ ಕೇಳಿರಲಿಲ್ಲ. ಧನಲಕ್ಷ್ಮಿ ಟ್ರೇಗಳನ್ನು ಒಗೆದು ಓಡಿದಳು, ಯಂತ್ರ ನಿಲ್ಲಿಸುವ ಗೋಡೆಯ ಕೆಂಪು ಗುಂಡಿ ಒತ್ತಿದಳು. ಫ್ಯಾನು ನಿಂತಿತು. ಬಾಗಿಲು ಎಳೆದಳು, ಬರಲಿಲ್ಲ. ಎರಡು ಕೈಯಲ್ಲೂ ಜಗ್ಗಿದಳು, ಬರಲಿಲ್ಲ. ಫ್ಯಾಕ್ಟರಿಯ ಕರೆಂಟು ಕೆಲಸದ ಮೈಲಾರಿ ಹಾರೆ ತಂದು ಮೀಟಿ ತೆಗೆಯುವ ಹೊತ್ತಿಗೆ ಆ ಅಂಗೈ ಗಾಜಿನಿಂದ ಜಾರಿ ಹೋಗಿತ್ತು.

ಚಿಕ್ಕಗೌರಮ್ಮ ಬದುಕಿದರು. ಎರಡೂ ತೋಳು, ಕತ್ತಿನ ಒಂದು ಪಕ್ಕ ಸುಟ್ಟಿತ್ತು.

ಕಾಗದ ಓದಿದ ದಿನ ಸಂಜೆ ಬಸ್ಸಿಳಿದ ಧನಲಕ್ಷ್ಮಿ ನೇರ ತನ್ನ ಮನೆಗೆ ಹೋಗದೆ ಚಿಕ್ಕಗೌರಮ್ಮನ ಮನೆಗೆ ಹೋದಳು. ಇಬ್ಬರದೂ ಶೆಟ್ಟಿಕೆರೆ, ಒಂದೇ ಬೀದಿ. ಅತ್ತೆ ಎಂದು ಕರೆದು ಅಭ್ಯಾಸ. ಚಿಕ್ಕಗೌರಮ್ಮ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಬ್ಯಾಂಡೇಜಿನ ತೋಳುಗಳನ್ನು ಬೇರೆ ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು.

“ಸೈನ್ ಹಾಕ್ಬುಡೇ” ಎಂದರು, ಎಲ್ಲವನ್ನೂ ಕೇಳಿಸಿಕೊಂಡು. “ನಾನೇ ತಾನೆ ಬಾಗ್ಲು ಎಳ್ಕಂಡಿದ್ದು. ಮಿಶಿನ್ನು ಬಂದು ಎಳೀತಾ? ನಂಗೆ ಐವತ್ತೆರಡು ವರ್ಷ, ನಿಂಗೆ ಇನ್ನೂ ಬದುಕು ಅದೆ. ನನ್ನ ದೆಸೆಯಿಂದ ನಿನ್ನ ಕೆಲ್ಸ ಕಳ್ಕಬೇಡ.”

“ಯಾಕೆ ಎಳ್ಕಂಡ್ರಿ ಅತ್ತೆ?”

“ಯಾಕೆ ಅಂದ್ರೆ?” ಚಿಕ್ಕಗೌರಮ್ಮ ಅವಳನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. “ಬಾಗ್ಲು ಎಳ್ಕಳ್ದೆ ಒಳಿಕ್ಕೆ ಹೋಗ್ತಾರೇನೆ? ಒಳ್ಳೆ ಚೆನ್ನಾಗದೆ ನಿನ್ನ ಮಾತು. ಹೋಗು, ಅಟ್ಟದ ಮೇಲಿಂದ ಎರಡು ಕೊಬ್ಬರಿ ತಂದ್ಕೊಡು, ನನ್ ಕೈಲಿ ಏಣಿ ಹತ್ತಕಾಗಲ್ಲ. ಚಟ್ನಿಪುಡಿ ಮಾಡ್ಸಬೇಕು.”

ಧನಲಕ್ಷ್ಮಿ ಏಣಿ ಹತ್ತಿದಳು. ಆ ಸೀಮೆಯಲ್ಲಿ ಅಟ್ಟವಿಲ್ಲದ ಮನೆಯಿಲ್ಲ. ಸಿಪ್ಪೆ ಸಮೇತ ಕಾಯಿಗಳು ವರ್ಷಗಟ್ಟಲೆ ಅಲ್ಲಿ ಮಲಗಿ, ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿಯಾಗಬೇಕು. ಹಲಗೆ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಳು. ಸುಲಿದು ಕುಕ್ಕೆಗೆ ಹಾಕಿಟ್ಟ ಕೊಬ್ಬರಿ ಮೂಲೆಯಲ್ಲಿತ್ತು. ಬಗ್ಗಿ ಎರಡು ಎತ್ತಿಕೊಂಡು ತಿರುಗಿದರೆ ಕತ್ತಲು. ಬಾಗಿಲು ಮುಚ್ಚಿತ್ತು.

ಯಾರು ಮುಚ್ಚಿದರು? ಕೆಳಗೆ ಅತ್ತೆ ಬಿಟ್ಟರೆ ಯಾರೂ ಇಲ್ಲ. ಗಾಳಿಯೂ ಇಲ್ಲ.

ಅವಳೇ ಮುಚ್ಚಿದ್ದಳು. ಯಾವಾಗ ಎಂಬುದು ಅವಳಿಗೇ ನೆನಪಿರಲಿಲ್ಲ. ಏಣಿ ಹತ್ತಲು ಕಲಿತ ದಿನದಿಂದ ಕಿವಿಗೆ ಬಿದ್ದ ಮಾತು ಒಂದೇ: ಬಾಗ್ಲು ಎಳ್ಕಳೇ, ಕೋತಿ ನುಗ್ತವೆ, ಬಾಗ್ಲು ಎಳ್ಕಳೇ, ಇಲಿ ಬತ್ತವೆ, ಬಾಗ್ಲು ಎಳ್ಕಳೇ, ತೇವದ ಗಾಳಿ ಬಡಿದ್ರೆ ಕೊಬ್ಬರಿ ಬೂಸಲು ಹಿಡೀತದೆ. ಮಾತು ಕಿವಿಯಿಂದ ಕೈಗೆ ಇಳಿದು ಎಷ್ಟೋ ವರ್ಷವಾಗಿತ್ತು. ಈಗ ಕೈ ಯಾರನ್ನೂ ಕೇಳುವುದಿಲ್ಲ.

“ಏನೇ, ಅಲ್ಲೇ ಮಲಗ್ಬುಟ್ಯಾ?” ಕೆಳಗಿನಿಂದ ಕೂಗು ಬಂತು.

“ಬತ್ತೀನಿ ಅತ್ತೆ” ಎಂದಳು. ಆದರೂ ಸ್ವಲ್ಪ ಹೊತ್ತು ಆ ಕತ್ತಲಲ್ಲಿ, ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ನಿಂತಳು.

ಮಾರನೆಯ ದಿನ ಫ್ಯಾಕ್ಟರಿಯಲ್ಲಿ ಅವಳ ಕೆಲಸ ಕಾಯಿಯ ಕಂದು ಸಿಪ್ಪೆ ಹೆರೆಯುವುದು. ಡ್ರೈಯರ್ ನಿಂತಿದ್ದರಿಂದ ಎಲ್ಲರಿಗೂ ಅದೇ ಕೆಲಸ. ಅವಳು ಕೂತ ಜಾಗದಿಂದ ಕಾಯಿ ಗೋಡೌನು, ಪ್ಯಾಕಿಂಗ್ ರೂಮು, ಎಣ್ಣೆ ಡ್ರಮ್ಮಿನ ರೂಮು, ಮೂರರ ಬಾಗಿಲೂ ಕಾಣುತ್ತಿದ್ದವು. ನೆಲದ ಮೇಲಿಂದ ಒಂದು ನಾರೆಳೆ ಎತ್ತಿಕೊಂಡಳು. ಒಳಗೆ ಹೋದವರು ಬಾಗಿಲು ಎಳೆದುಕೊಂಡರೆ ಒಂದು ಬಿಗಿ ಗಂಟು. ತೆರೆದೇ ಬಿಟ್ಟು ಹೋದರೆ ಒಂದು ಸಡಿಲ ಕುಣಿಕೆ. ಒಂದು ಎಳೆ ಮುಗಿದರೆ ಇನ್ನೊಂದನ್ನು ಹೊಸೆದು ಸೇರಿಸಿದಳು. ಯಾರೂ ಏನೆಂದು ಕೇಳಲಿಲ್ಲ. ಮಾತಾಡದವಳು ಏನು ಮಾಡಿದರೂ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ.

ಊಟದ ಹೊತ್ತಿಗೆ ಮೈಲಾರಿಯ ಹತ್ತಿರ ಹೋದಳು. ಮೈಲಾರಿಗೆ ಮೂವತ್ತೈದಿರಬಹುದು, ದಂಡಿನಶಿವರದವನು. ಬುತ್ತಿ ಬಿಚ್ಚಿಕೊಂಡು ಪ್ಯಾನಲ್ ಬೋರ್ಡಿನ ನೆರಳಲ್ಲಿ ಕೂತಿದ್ದ.

“ಮೈಲಾರಣ್ಣ, ಒಳಗೆ ಯಾರೂ ಇಲ್ಲ ಅಂತ ಮಿಶಿನ್‌ಗೆ ಹೆಂಗೆ ಗೊತ್ತಾಗುತ್ತೆ?”

ಮೈಲಾರಿ ತುತ್ತು ಬಾಯಿಗಿಡುವುದನ್ನು ಮರೆತ. “ಅಯ್ಯೋ ಶಿವನೇ, ಮಾತು ಬತ್ತದೆ ನಿಂಗೆ!”

“ಹೇಳಣ್ಣ.”

“ಗೊತ್ತಾಗಲ್ಲ ಕಣವ್ವ. ಅದಕ್ಕೆ ಗೊತ್ತಾಗೋದು ಮೂರೇ. ಬಾಗ್ಲು ಮುಚ್ಚಿದ್ಯಾ, ಅದು ಚೌಕಟ್ಟಲ್ಲಿರೋ ಸಣ್ಣ ಸ್ವಿಚ್ಚಿಂದ. ಟ್ರೇ ತುಂಬವಾ, ಅದು ಕೆಳಗಿನ ತೂಕದಿಂದ. ಬಿಸಿ ಎಷ್ಟದೆ. ಅಷ್ಟೇಯ.”

“ಮತ್ತೆ ಜನ?”

“ಬಾಗ್ಲು ಮುಚ್ಚಿದ್ರೆ ಜನ ಇಲ್ಲ ಅಂತ ಲೆಕ್ಕ. ಪ್ರೋಗ್ರಾಂ ಬರ್ದೋನು ಹಂಗೆ ಬರ್ದವ್ನೆ. ಬಾಗ್ಲು ಮುಚ್ಚಿ ಇಪ್ಪತ್ತು ಎಣಿಸ್ತದೆ, ತಾನೇ ಶುರು ಆಯ್ತದೆ. ಹಳೇ ಡ್ರೈಯರಲ್ಲಿ ಹೊರಗಿಂದ ನಾವು ಗುಂಡಿ ಒತ್ತಬೇಕಿತ್ತಲ್ಲ, ಅದೇ ತಡ ಅಂತ ಇದನ್ನ ತಂದಿದ್ದು.”

“ಗುಂಡಿ ಒತ್ತಿದ್ರೂ ಬಾಗಿಲು ಯಾಕೆ ಬಿಡಲಿಲ್ಲ?”

“ಒಳಗೆ ಬಿಸಿ ಇದ್ರೆ ಬಾಗ್ಲು ಹಿಡಿಯೋ ಮ್ಯಾಗ್ನೆಟ್ಟು ಬಿಡಲ್ಲ. ಯಾರಾದ್ರೂ ತೆಗುದ್ರೆ ಮುಖಕ್ಕೆ ಬಿಸಿಗಾಳಿ ಹೊಡೀತದೆ ಅಂತ. ಆರೋವರ್ಗೂ ಹಿಡ್ಕಂಡಿರ್ತದೆ. ಅದು ನಮ್ ಒಳ್ಳೇದಕ್ಕೇ ಮಾಡಿರೋದು.”

ಧನಲಕ್ಷ್ಮಿ ಮೂರನ್ನೂ ಕೂಡಿಸಿ ನೋಡಿದಳು. ಬಾಗಿಲು ತೆರೆದಿದ್ದರೆ ಶುರುವಾಗಬಾರದು, ಸರಿಯೇ. ತಾನೇ ಶುರುವಾದರೆ ಕೆಲಸ ಬೇಗ, ಅದೂ ಸರಿಯೇ. ಬಿಸಿಯಿದ್ದಾಗ ಬಾಗಿಲು ತೆರೆಯಬಾರದು, ಅದಂತೂ ಸರಿ. ಒಂದೊಂದನ್ನೇ ಹಿಡಿದು ಕೇಳಿದರೆ ಯಾರೂ ತಪ್ಪೆನ್ನುವುದಿಲ್ಲ. ಮೂರೂ ಸೇರಿ ಒಬ್ಬ ಹೆಂಗಸನ್ನು ಬೇಯಿಸಿದವು. ಏನೂ ಕೆಡದೆಯೇ, ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಮಾಡಿ ಬೇಯಿಸಿದವು. ಯಾವ ತಂತಿ ಮುಟ್ಟಿ ನೋಡಿದರೂ ಅದು ಸಿಕ್ಕುವುದಿಲ್ಲ.

“ಅಣ್ಣ, ನಾಳೆ ಇಂಜಿನಿಯರ್ ಬಂದಾಗ ಹೀಟರು, ಫ್ಯಾನು ಎರಡರ ಫ್ಯೂಸೂ ಕಿತ್ತಿಡ್ತೀಯಾ? ಬೋರ್ಡಿಗೆ ಮಾತ್ರ ಕರೆಂಟು ಇರ್ಲಿ.”

“ಯಾಕವ್ವ?”

“ಯಾರಾದ್ರೂ ಒಳಗೆ ಹೋಗ್ಬಹುದು. ಹೋದವರು ವಾಪಸ್ ಬರಬೇಕಲ್ಲ.”

ಮೈಲಾರಿ ಅವಳ ಮುಖ ನೋಡಿದ. ಹಾರೆ ಹಿಡಿದು ಆ ಬಾಗಿಲು ಮೀಟಿದವನು ಅವನೇ. “ಆಯ್ತು, ಕಿತ್ತಿಡ್ತೀನಿ” ಎಂದ.

ಶುಕ್ರವಾರ ಹತ್ತು ಗಂಟೆಗೆ ಇಂಜಿನಿಯರ್ ಮೋಹನ್ ಕುಮಾರ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಲ್ಯಾಪ್‌ಟಾಪಿನ ಚೀಲ. ಕೆಟ್ಟ ಮನುಷ್ಯರಂತೇನೂ ಕಾಣಲಿಲ್ಲ; ಬೇರೆ ಕಡೆಯೂ ನಾಲ್ಕು ಯಂತ್ರ ನೋಡುವುದಿದೆ ಎಂಬ ಅವಸರದವರ ಹಾಗೆ ಕಂಡರು. ಡ್ರೈಯರ್ ಮುಂದೆ ಎಲ್ಲರನ್ನೂ ನಿಲ್ಲಿಸಿ ವೀರಭದ್ರಯ್ಯನವರು ಕಾಗದ ತೆಗೆದರು.

“ಬಾಮ್ಮ, ಸೈನ್ ಹಾಕು. ಸಾಹೇಬ್ರಿಗೆ ಟೈಮಿಲ್ಲ.”

“ಹಾಕಲ್ಲ” ಎಂದಳು ಧನಲಕ್ಷ್ಮಿ.

ಸುತ್ತ ನಿಂತಿದ್ದ ಹೆಂಗಸರೆಲ್ಲ ಅವಳ ಕಡೆ ತಿರುಗಿದರು.

“ಏನಂದೆ?”

“ಹಾಕಲ್ಲ ಅಂದೆ. ಬಾಗಿಲು ಎಳ್ಕೊಂಡಿದ್ದು ಅತ್ತೆ. ಒಳಗೆ ಜನ ಇಲ್ಲ ಅಂದ್ಕೊಂಡಿದ್ದು ಮಿಶಿನ್ನು. ಎರಡರಲ್ಲಿ ಒಂದನ್ನೇ ಬರೆದಿದೀರಿ.”

ಮೋಹನ್ ಕುಮಾರ್ ಮುಗುಳ್ನಕ್ಕರು. “ಎಷ್ಟನೇ ಕ್ಲಾಸ್ ಓದಿದೀಯಮ್ಮ?”

“ಎಂಟು.”

“ನೋಡು, ಮಿಶಿನ್ನು ಏನನ್ನೂ ಅಂದ್ಕೊಳ್ಳಲ್ಲ. ಈ ಪ್ರೋಗ್ರಾಂನ ಆರುನೂರು ಥರ ಟೆಸ್ಟ್ ಮಾಡಿದೀವಿ. ಒಂದ್ರಲ್ಲೂ ಫೇಲಾಗಿಲ್ಲ.”

“ಒಬ್ಬರು ಒಳಗೆ ಹೋಗಿ ಬಾಗಿಲು ಎಳ್ಕೊಂಡ್ರೆ ಏನಾಗುತ್ತೆ ಅಂತ ಆ ಆರುನೂರರಲ್ಲಿ ಇತ್ತಾ ಸಾರ್?”

“ಯಾರು ಎಳ್ಕೊಳ್ತಾರೆ? ಬಿಸಿಗಾಳಿ ಕೋಣೆಗೆ ಹೋಗಿ ಯಾರಾದ್ರೂ ತಮ್ಮ ಮೇಲೇ ಬಾಗಿಲು ಹಾಕ್ಕೊಳ್ತಾರಾ?”

ಧನಲಕ್ಷ್ಮಿ ವೇಲಿನ ತುದಿಯಲ್ಲಿ ಕಟ್ಟಿಕೊಂಡಿದ್ದ ನಾರಿನ ಹುರಿ ಬಿಚ್ಚಿ ಅವರ ಮುಂದೆ ಹಿಡಿದಳು. “ಇದು ನೆನ್ನೆ ಒಂದು ದಿನದ್ದು. ಗಂಟು ಅಂದ್ರೆ ಒಳಗೆ ಹೋಗಿ ಬಾಗಿಲು ಎಳ್ಕೊಂಡೋರು. ನಲವತ್ತೊಂದು. ಕುಣಿಕೆ ಅಂದ್ರೆ ಹಂಗೇ ಬಿಟ್ಟೋರು. ಎರಡು. ಒಬ್ರು ಹೊರಗಿನ ಲಾರಿ ಡ್ರೈವರ್ರು. ಇನ್ನೊಬ್ರು ಎರಡೂ ಕೈಯಲ್ಲಿ ಡಬ್ಬ ಹಿಡ್ಕೊಂಡಿದ್ರು, ಒಳಗೆ ಹೋದ್ಮೇಲೆ ಕಾಲಲ್ಲಿ ತಳ್ಳಿ ನೋಡಿದ್ರು, ಆಗಲಿಲ್ಲ.”

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಡಬ್ಬ ಹಿಡಿದಿದ್ದವಳು ಅವಳೇ.

“ಅದೆಲ್ಲ ಗೋಡೌನು, ಪ್ಯಾಕಿಂಗ್ ರೂಮು ಕಣಮ್ಮ!” ವೀರಭದ್ರಯ್ಯನವರಿಗೆ ರೇಗಿತು. “ಇದು ಡ್ರೈಯರ್ರು. ಇಲ್ಲಿ ಬಾಗಿಲು ಹಾಕ್ಕೋಬಾರದು ಅನ್ನೋದು ಬುದ್ಧಿ ಇರೋರಿಗೆ ಗೊತ್ತಾಗುತ್ತೆ. ಇದೇನು ದೊಡ್ಡ ವಿದ್ಯೆನಾ? ನೋಡು, ನಾನೇ ತೋರಿಸ್ತೀನಿ. ಹೆಂಗೆ ಹೋಗ್ಬೇಕು, ಹೆಂಗೆ ಬರಬೇಕು ಅಂತ. ಮೈಲಾರಿ, ಟ್ರೇ ಒಳಗಿದಾವೇನೋ?”

“ಅವೆ ಯಜಮಾನ್ರೇ, ತುಂಬಿದ ಗಾಡಿನೇ ಅದೆ.” ಮೈಲಾರಿ ಅಂಗಿ ಜೇಬನ್ನು ಒಮ್ಮೆ ಮುಟ್ಟಿಕೊಂಡು ಧನಲಕ್ಷ್ಮಿಯ ಕಡೆ ನೋಡಿದ. ಫ್ಯೂಸುಗಳು ಅಲ್ಲಿದ್ದವು.

ಹೀಗಾಗುತ್ತದೆ ಎಂದು ಅವಳೂ ಎಣಿಸಿರಲಿಲ್ಲ. ಇಂಜಿನಿಯರನ್ನೋ ಬೇರೆ ಹೆಂಗಸನ್ನೋ ಒಳಗೆ ಕಳಿಸಿ ತೋರಿಸಬೇಕೆಂದಿದ್ದಳು. ಯಜಮಾನರೇ ಚಪ್ಪಲಿ ಹೊರಗೆ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಡ್ರೈಯರಿನ ಹೊಸ್ತಿಲು ದಾಟಿದರು.

“ಹಿಂಗೆ ಬರೋದು,” ಎನ್ನುತ್ತಿದ್ದರು, “ಟ್ರೇ ಹಿಂಗೆ ನೋಡೋದು, ಪುಡಿ ಸಮ ಮಾಡೋದು…”

ಮಾತಾಡುತ್ತಲೇ ಅವರ ಎಡಗೈ ಹಿಂದಕ್ಕೆ ಹೋಯಿತು. ಅವರು ತಿರುಗಿಯೂ ನೋಡಲಿಲ್ಲ. ಕೈ ಬಾಗಿಲಿನ ಹಿಡಿಯನ್ನು ಹುಡುಕಿಕೊಂಡು, ಹಿಡಿದು, ಎಳೆಯಿತು. ಬಾಗಿಲು ಮೆತ್ತಗೆ ಬಂದು ಚೌಕಟ್ಟಿಗೆ ಕೂತಿತು.

ಪ್ಯಾನಲ್ಲಿನ ಪರದೆಯ ಮೇಲೆ ಇಪ್ಪತ್ತು ಮೂಡಿತು. ಹತ್ತೊಂಬತ್ತು. ಹದಿನೆಂಟು. ಮೋಹನ್ ಕುಮಾರ್ ಮುಂದಕ್ಕೆ ನುಗ್ಗಿದರು. ಧನಲಕ್ಷ್ಮಿ ಅಡ್ಡ ಕೈ ಚಾಚಿದಳು.

“ಫ್ಯೂಸ್ ಕಿತ್ತಿದೆ ಸಾರ್. ಏನೂ ಆಗಲ್ಲ. ನೋಡಿ.”

“ಅಮ್ಮ, ಬಿಡು—”

“ಅವತ್ತು ನಾನು ನೋಡಿದ್ದನ್ನ ನೀವೂ ನೋಡಿ.”

ಐದು. ನಾಲ್ಕು. ಮೂರು. ಸೊನ್ನೆಗೆ ಬಂದಾಗ ಹಸಿರು ದೀಪ ಹತ್ತಿತು. ಟಕ್ಕೆಂದು ಮ್ಯಾಗ್ನೆಟ್ಟು ಹಿಡಿದುಕೊಂಡಿತು. ಪರದೆಯ ಮೇಲೆ ಕಂಪನಿಯವರೇ ಕನ್ನಡದಲ್ಲಿ ಹಾಕಿಕೊಟ್ಟ ಸಾಲು ಬಂತು: ‘ಕೋಣೆ ಖಾಲಿ. ಒಣಗಿಸುವಿಕೆ ಆರಂಭ.’

ಕೋಣೆಯ ಒಳಗೆ ವೀರಭದ್ರಯ್ಯನವರು ಇನ್ನೂ ಉಪದೇಶ ಮಾಡುತ್ತಿದ್ದರು. ಶಬ್ದ ಮಸುಕಾಗಿ ಕೇಳುತ್ತಿತ್ತು. ಆಮೇಲೆ ಉಪದೇಶ ನಿಂತಿತು. ಆಮೇಲೆ ಬಾಗಿಲನ್ನು ತಳ್ಳಿದ ಸದ್ದು. ಆಮೇಲೆ ಬಡಿದ ಸದ್ದು. ಗಾಜಿನಲ್ಲಿ ಒಂದು ಮುಖ ಕಾಣಿಸಿತು, ಪಕ್ಕದಲ್ಲಿ ಒಂದು ಅಂಗೈ.

ಧನಲಕ್ಷ್ಮಿ ಕೆಂಪು ಗುಂಡಿ ಒತ್ತಿದಳು. ಬಾಗಿಲು ಬಿಟ್ಟುಕೊಂಡಿತು.

ಹೊರಗೆ ಬಂದ ವೀರಭದ್ರಯ್ಯನವರ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. “ಯಾವನ್ಲಾ ಬಾಗಿಲು ಹಾಕಿದ್ದು?” ಎಂದು ಗುಡುಗಿದರು. “ಮೈಲಾರಿ, ನೀನಾ? ಯಾವನು?”

ಕೊನೆಗೆ ಮೋಹನ್ ಕುಮಾರ್ ಅವರೇ ಹೇಳಿದರು, ಕೇಳಿಸಿತೋ ಇಲ್ಲವೋ ಎಂಬಂಥ ದನಿಯಲ್ಲಿ: “ನೀವೇ ಸಾರ್.”

“ನಾನಾ?”

“ನೀವೇ ಯಜಮಾನ್ರೇ” ಎಂದಳು ಧನಲಕ್ಷ್ಮಿ. “ನಿಮ್ಮ ಮನೇಲೂ ಅಟ್ಟ ಇದೆಯಲ್ಲ.”

ವೀರಭದ್ರಯ್ಯನವರು ತಮ್ಮ ಎಡಗೈಯನ್ನು ನೋಡಿಕೊಂಡರು. ಹೆಂಗಸರ ಗುಂಪಿನಲ್ಲಿ ನಗು ಎದ್ದಿತು. ಧನಲಕ್ಷ್ಮಿಗೆ ನಗು ಬರಲಿಲ್ಲ.

ಮೊದಲು ಚೇತರಿಸಿಕೊಂಡವರು ಮೋಹನ್ ಕುಮಾರ್. “ಆದ್ರೂ ಒಂದು ಮಾತು. ಕೆಂಪು ಗುಂಡಿ ಒತ್ತಿದ ತಕ್ಷಣ ಬಾಗಿಲು ತೆರೀತಲ್ಲ.”

“ಒಳಗೆ ತಣ್ಣಗಿತ್ತು ಸಾರ್. ಬಿಸಿ ಇದ್ದಿದ್ರೆ?”

ಅವರು ಪ್ಯಾನಲ್ಲಿನ ಕಡೆ ನೋಡಿದರು. “ಒಂದೊಂದನ್ನೂ ಟೆಸ್ಟ್ ಮಾಡಿದ್ವಿ” ಎಂದರು ತಮಗೆ ತಾವೇ ಹೇಳಿಕೊಳ್ಳುವಂತೆ. “ಬಾಗಿಲಿಂದು ಬೇರೆ, ಲಾಕಿಂದು ಬೇರೆ. ಒಳಗೆ ಒಬ್ಬ ಮನುಷ್ಯನನ್ನ ಇಟ್ಕೊಂಡು ಯೋಚನೆ ಮಾಡ್ಲಿಲ್ಲ.” ಆಮೇಲೆ ದನಿ ಏರಿಸಿದರು. “ಸರಿ, ಒಂದು ಬೋರ್ಡು ಹಾಕಿಸೋಣ. ‘ಒಳಗಿನಿಂದ ಬಾಗಿಲು ಮುಚ್ಚಬಾರದು’ ಅಂತ, ದೊಡ್ಡ ಅಕ್ಷರದಲ್ಲಿ.”

“ಬೋರ್ಡು ಓದೋದು ಕಣ್ಣು. ಬಾಗಿಲು ಎಳೆಯೋದು ಕೈ. ಯಜಮಾನ್ರು ಬೋರ್ಡಿಗಿಂತ ಗಟ್ಟಿಯಾಗಿ ಬಾಯಲ್ಲೇ ಹೇಳ್ತಾ ಹೋದ್ರು, ಆದ್ರೂ ಎಳ್ಕೊಂಡ್ರು.”

“ಹಾಗಾದ್ರೆ ಏನು ಮಾಡ್ಬೇಕು ಅಂತೀಯ?”

ಅಣಕವೋ ಪ್ರಶ್ನೆಯೋ ತಿಳಿಯಲಿಲ್ಲ. ಅವಳು ಪ್ರಶ್ನೆಯೆಂದೇ ಇಟ್ಟುಕೊಂಡಳು. ಎರಡು ರಾತ್ರಿ ಚಾಪೆಯ ಮೇಲೆ ಹೊರಳಾಡಿ ಕೂಡಿಸಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. “ಮಿಶಿನ್ನು ತಾನೇ ಶುರುವಾಗಬಾರದು. ಒಳಗೆ ಹೋಗೋರು ಪ್ಯಾನಲ್ ಬೋರ್ಡಿಂದ ಒಂದು ಕೀ ಕಿತ್ಕೊಂಡು ಹೋಗ್ಬೇಕು. ಇಬ್ರು ಹೋದ್ರೆ ಎರಡು ಕೀ. ಅಷ್ಟೂ ಕೀ ವಾಪಸ್ ಬಂದ್ಮೇಲೆ, ಹೊರಗಿಂದ ಒಬ್ರು ಗಾಜಲ್ಲಿ ನೋಡಿ ಗುಂಡಿ ಒತ್ತಿದ್ರೆ ಮಾತ್ರ ಶುರು. ಬಾಗಿಲಿಗೆ ಒಳಗಿಂದ ತಳ್ಳೋ ಹಿಡಿ ಬೇಕು. ಒಳಗೆ ಎಷ್ಟೇ ಬಿಸಿ ಇರ್ಲಿ, ಕರೆಂಟು ಇರ್ಲಿ ಹೋಗ್ಲಿ, ತಳ್ಳಿದ್ರೆ ತೆರೀಬೇಕು. ಆ ಹಿಡಿ ಪ್ರೋಗ್ರಾಂನ ಅಪ್ಪಣೆ ಕೇಳಬಾರದು.”

ಮೋಹನ್ ಕುಮಾರ್ ಚೀಲದಿಂದ ಹಾಳೆ ತೆಗೆದು ಬರೆದುಕೊಳ್ಳತೊಡಗಿದ್ದರು. “ಇಬ್ರು ಹೋದ್ರೆ ಎರಡು ಅಂದ್ಯಲ್ಲ, ಸಾಮಾನ್ಯವಾಗಿ ಇಬ್ರು ಹೋಗ್ತೀರಾ?” ಎಂದು ತಲೆಯೆತ್ತದೆ ಕೇಳಿದರು.

“ತುಂಬೋವಾಗ ಇಬ್ರು. ಸಮ ಮಾಡೋಕೆ ಒಬ್ರು. ತೊಳೆಯೋ ದಿನ ಮೂರು.”

“ತೊಳೆಯೋ ದಿನ ಮೂರಾ? ಅದು ನಮಗೆ ಯಾರೂ ಹೇಳಲಿಲ್ಲ.”

“ನೀವು ಯಾರನ್ನ ಕೇಳಿದ್ರಿ?”

ಅಷ್ಟು ಹೊತ್ತು ಚಪ್ಪಲಿ ಹಾಕಿಕೊಳ್ಳದೆ ನಿಂತಿದ್ದ ವೀರಭದ್ರಯ್ಯನವರು ಈಗ ಮಾತಾಡಿದರು. ದನಿ ಇಳಿದಿತ್ತು. “ಆಯ್ತು ಕಣಮ್ಮ, ಆಯ್ತು. ಆಕೆ ತಪ್ಪಲ್ಲ ಅಂತಾನೇ ಬರೆಸ್ತೀನಿ. ಯಾರ ತಪ್ಪೂ ಅಲ್ಲ, ಆಕಸ್ಮಿಕ ಅಂತ ಇರ್ಲಿ. ಎಲ್ರಿಗೂ ಒಳ್ಳೇದು. ಈಗಲಾದ್ರೂ ಹಾಕ್ತೀಯಾ?”

ಹೆಂಗಸರೆಲ್ಲ ಅವಳ ಕಡೆ ನೋಡಿದರು. ಹೂಂ ಅನ್ನು ಎಂಬಂತೆ ಒಬ್ಬಿಬ್ಬರು ಕಣ್ಣು ಮಿಟುಕಿಸಿದರು. ಗೆದ್ದಾಗಿತ್ತು. ಅತ್ತೆಯ ಹೆಸರು ಉಳಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು. ಹೂಂ ಎಂದರೆ ಮುಗಿಯಿತು.

“ಇಲ್ಲ” ಎಂದಳು ಧನಲಕ್ಷ್ಮಿ. “ಯಾರ ತಪ್ಪೂ ಅಲ್ಲ ಅಂದ್ರೆ ಯಾರೂ ಸರಿ ಮಾಡಲ್ಲ ಯಜಮಾನ್ರೇ. ಈ ಸಾರ್ ಇವತ್ತು ಬರ್ಕೊಂಡು ಹೋಗ್ತಾರೆ, ನಾಳೆ ಇನ್ನೊಂದು ಊರಲ್ಲಿ ಇನ್ನೊಂದು ಮಿಶಿನ್ನಿಗೆ ಹೋಗ್ತಾರೆ. ಇಲ್ಲಿನ ಕಾಗದದಲ್ಲಿ ಆಕಸ್ಮಿಕ ಅಂತಷ್ಟೇ ಇದ್ರೆ ಅಲ್ಲೂ ಹಂಗೇ ಬಿಡ್ತಾರೆ.”

“ಮತ್ತೇನು ಬರೀಬೇಕು, ನೀನೇ ಹೇಳು ಹಾಗಾದ್ರೆ!”

“ಬರೀತೀನಿ.”

ಮೋಹನ್ ಕುಮಾರ್ ಕೈಯಲ್ಲಿದ್ದ ಪೆನ್ನನ್ನೇ ಅವಳಿಗೆ ಕೊಟ್ಟರು. ಬಿಳಿ ಹಾಳೆಯನ್ನು ಟ್ರೇಯ ಬೆನ್ನ ಮೇಲಿಟ್ಟುಕೊಂಡು ಅವಳು ಅಲ್ಲೇ ನೆಲಕ್ಕೆ ಕೂತಳು. ಅಕ್ಷರ ಗುಂಡಗಿರಲಿಲ್ಲ, ಒತ್ತಕ್ಷರ ಒಂದೆರಡು ಕಡೆ ಎಡವಿದವು. ‘ಚಿಕ್ಕಗೌರಮ್ಮ ಬಾಗಿಲು ಎಳೆದುಕೊಂಡರು. ಇಲ್ಲಿ ಎಲ್ಲರೂ ಎಳೆದುಕೊಳ್ಳುತ್ತಾರೆ. ಇವತ್ತು ಯಜಮಾನರೂ ಎಳೆದುಕೊಂಡರು. ಬಾಗಿಲು ಮುಚ್ಚಿದರೆ ಒಳಗೆ ಜನ ಇಲ್ಲ ಎಂದು ಯಂತ್ರಕ್ಕೆ ಹೇಳಿಕೊಟ್ಟದ್ದು ತಪ್ಪು. ನಾನು ಕೆಂಪು ಗುಂಡಿ ಒತ್ತಿದೆ, ಬಾಗಿಲು ತೆರೆಯಲಿಲ್ಲ. ಹಾಗೆ ಹೇಳಿಕೊಟ್ಟದ್ದೂ ತಪ್ಪು. ನಾನು ನೋಡಿದ್ದೇನೆ.’ ಕೆಳಗೆ ತನ್ನ ಹೆಸರನ್ನು ಇನಿಷಿಯಲ್ ಸಮೇತ ಬರೆದು, ಹಾಳೆಯನ್ನು ಯಜಮಾನರ ಮುಂದೆ ಹಿಡಿದಳು.

ಅವರು ನಿಂತೇ ಓದಿದರು. “ಯಜಮಾನರೂ ಎಳೆದುಕೊಂಡರು ಅನ್ನೋದು ಬೇಕಾ?”

“ಬೇಕು.”

“ಅದೊಂದು ಸಾಲು ತೆಗೆದುಬಿಡಮ್ಮ. ಊರಲ್ಲಿ ನಗ್ತಾರೆ.”

“ಅದು ತೆಗೆದ್ರೆ ಉಳಿದಿದ್ದನ್ನ ಯಾರೂ ನಂಬಲ್ಲ.”

ಅವಳು ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ವೀರಭದ್ರಯ್ಯನವರು ಒಂದು ಸಲ ಡ್ರೈಯರಿನ ಗಾಜನ್ನು ನೋಡಿದರು. ಒಳಗಿನ ಆ ಕೆಲವೇ ಗಳಿಗೆ ಅವರಿಗೆ ಎಷ್ಟು ಉದ್ದವಾಗಿತ್ತೋ, ಅವರಿಗೇ ಗೊತ್ತು. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು. ಅದರ ಕೆಳಗೆ ಮೋಹನ್ ಕುಮಾರ್ ಹಾಕಿದರು. ಕೇಳದಿದ್ದರೂ ಮೈಲಾರಿ ಹಾಕಿದ.

“ಪ್ರೋಗ್ರಾಂ ಬದಲಾಯಿಸೋಕೆ ಎಷ್ಟು ದಿನ?” ವೀರಭದ್ರಯ್ಯನವರು ಕೇಳಿದರು.

“ಕೀ, ಹಿಡಿ, ಎಲ್ಲ ಸೇರಿ ಮೂರು ವಾರ ಬೇಕು ಸಾರ್.”

“ಮೂರು ವಾರಾನಾ! ಕಾಯಿ ಕೊಳೀತವೆ ಕಣ್ರೀ.” ಅವರು ಧನಲಕ್ಷ್ಮಿಯ ಕಡೆ ತಿರುಗಿದರು. ಈಗ ಆಜ್ಞೆಯಿರಲಿಲ್ಲ, ಒಂದು ಥರದ ಚೌಕಾಶಿಯಿತ್ತು. “ಈಗಂತೂ ಎಲ್ರಿಗೂ ಗೊತ್ತಾಯ್ತಲ್ಲಮ್ಮ. ಅಲ್ಲಿವರೆಗೂ ಹುಷಾರಾಗಿ, ಹಂಗೇ ನಡೆಸೋಣ. ನಾಳೆ ನೀನೇ ಒಳಗೆ ಹೋಗು. ನೀನಂತೂ ಬಾಗಿಲು ಎಳ್ಕೊಳ್ಳಲ್ಲ.”

“ನಾನೂ ಎಳ್ಕೊಳ್ತೀನಿ ಯಜಮಾನ್ರೇ” ಎಂದಳು ಅವಳು. “ಹೋಗಲ್ಲ.”

ಮೊದಲು ಯಾರು ಕೂತರೋ ಗೊತ್ತಾಗಲಿಲ್ಲ. ನೋಡುವಷ್ಟರಲ್ಲಿ ಹೆರೆಯುವ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಮಣೆಗಳನ್ನು ಎಳೆದು ತಂದು ಡ್ರೈಯರಿನ ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ಕೂತು, ಕಾಯಿ ಹೆರೆಯತೊಡಗಿದ್ದರು. ಧನಲಕ್ಷ್ಮಿ ಹಾಳೆಯನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ ಬುತ್ತಿ ಚೀಲದಲ್ಲಿಟ್ಟು, ಜಾಗ ಮಾಡಿಕೊಂಡು ಅವರ ನಡುವೆ ಕೂತಳು. ಮೋಹನ್ ಕುಮಾರ್ ಒಂದು ಟ್ರೇಯನ್ನು ಮಗುಚಿ ಹಾಕಿ ಅವಳೆದುರು ಕುಳಿತು, ಲ್ಯಾಪ್‌ಟಾಪ್ ತೆರೆದರು.

“ತೊಳೆಯೋ ದಿನದ್ದು ಮೊದಲಿಂದ ಹೇಳಮ್ಮ” ಎಂದರು. “ಯಾರು ಎಲ್ಲಿ ನಿಲ್ತೀರಿ?”